ಗಂಧವಿಲ್ಲದ ಬಾಯಿಗೆ ಗರಿಗರಿಯ ತುತ್ತು

ಕಣ್ಣು ಮಂದವಾದವರಿಗೆ ಕನ್ನಡಕ ಕೊಡಿಸುತ್ತೇವೆ. ಕಿವಿ ಕೇಳದವರ ಹತ್ತಿರ ಕುಳಿತು ಗಟ್ಟಿಯಾಗಿ ಮಾತನಾಡುತ್ತೇವೆ. ಕಾಲು ಸೋತವರ ಕೈಗೆ ಕೋಲು ಕೊಡುತ್ತೇವೆ. ಆದರೆ ಮೂಗಿನ ಗ್ರಹಣಶಕ್ತಿಯನ್ನು ಕಳೆದುಕೊಂಡವರಿಗಾಗಿ ನಮ್ಮ ಮನೆಗಳಲ್ಲಿ ಯಾವ ಏರ್ಪಾಡೂ ಇಲ್ಲ. ಅವರು ಊಟದ ಎಲೆಯ ಮುಂದೆ ಸುಮ್ಮನೆ ಕುಳಿತರೆ ‘ಇವರಿಗೆ ಯಾವುದೂ ಹಿಡಿಸುವುದಿಲ್ಲ’ ಎಂದು ಹೇಳಿ ಉಪ್ಪಿನ ಬಟ್ಟಲನ್ನು ಮುಂದೆ ಸರಿಸುತ್ತೇವೆ. ಅಡಿಗೆ ಮಾಡಿದ ತಾಯಿಗೆ ಅಥವಾ ಸೊಸೆಗೆ ಅದು ತನ್ನ ಕೈಗುಣದ ಮೇಲಿನ ಆಕ್ಷೇಪವಾಗಿ ಕೇಳಿಸುತ್ತದೆ. ಉಣ್ಣುವವರಿಗೆ ಅದನ್ನು ವಿವರಿಸಲು ಮಾತು ಸಿಗುವುದಿಲ್ಲ. ಹೀಗೆ ಕಣ್ಣಿಗೆ ಕಾಣದ ಒಂದು ಕೊರತೆಯು ಇಡೀ ಮನೆಯ ಊಟದ ನೆಮ್ಮದಿಯನ್ನು ಕೆಡಿಸುತ್ತದೆ.

ಈ ಕೊರತೆಗೆ ಮೊದಲ ಪರಿಹಾರವು ಔಷಧದ ಅಂಗಡಿಯಲ್ಲಿ ಅಲ್ಲ, ಮಧ್ಯಾಹ್ನದ ಬುತ್ತಿಯಲ್ಲಿದೆ ಎಂಬುದು ಈ ಲೇಖನದ ಅಭಿಪ್ರಾಯ. ಅದಕ್ಕೆ ಹೊಸ ಪದಾರ್ಥಗಳೂ ಬೇಕಿಲ್ಲ. ಅಲಖನೂರ, ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡಗಳ ರೈತರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೊಟ್ಟಿ, ಹಿಂಡಿ, ಪಚಡಿ, ಮೊಸರಿನ ಊಟವೇ ಇಂಥವರಿಗೆ ಹೇಳಿ ಮಾಡಿಸಿದಂತಿದೆ. ನಾವು ಅದನ್ನು ಬಿಟ್ಟು ಮೆತ್ತನೆಯ ಅನ್ನ ಮತ್ತು ನೀರಾದ ಸಾರಿನ ಕಡೆಗೆ ಸರಿಯುತ್ತಿರುವುದು ಎಲ್ಲರಿಗೂ ನಷ್ಟವೇ. ಆದರೆ ಗಂಧ ತಿಳಿಯದವರಿಗೆ ಅದು ದೊಡ್ಡ ನಷ್ಟ.

ಕಾಣದ ಕೊರತೆ

೨೦೨೦ರ ಮಹಾಮಾರಿಗೆ ಮುಂಚೆ ‘ವಾಸನೆ ಬರುವುದಿಲ್ಲ’ ಎಂಬ ಮಾತನ್ನು ಯಾರೂ ಗಂಭೀರವಾಗಿ ಕೇಳುತ್ತಿರಲಿಲ್ಲ. ಆ ವರ್ಷದ ಜೂನ್ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ವಾಸನೆ ಅಥವಾ ರುಚಿ ಹೋಗುವುದನ್ನು ಕೋವಿಡ್ ರೋಗದ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿತು. ಆಗ ಹಳ್ಳಿಹಳ್ಳಿಗಳಲ್ಲಿಯೂ ಜನರು ಕರ್ಪೂರವನ್ನೂ ಬೆಳ್ಳುಳ್ಳಿಯನ್ನೂ ಮೂಸಿ ತಮ್ಮ ಮೂಗನ್ನು ಪರೀಕ್ಷಿಸಿಕೊಂಡರು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಆ ಶಕ್ತಿ ಮರಳಿತು. ಕೆಲವರಿಗೆ ತಿಂಗಳುಗಳು ಹಿಡಿದವು. ಇನ್ನು ಕೆಲವರಿಗೆ ಅದು ಪೂರ್ತಿಯಾಗಿ ಮರಳಲೇ ಇಲ್ಲ. ರೋಗವನ್ನು ಮರೆತ ಸಮಾಜವು ಅವರನ್ನೂ ಮರೆಯಿತು.

ಕೋವಿಡ್ ಒಂದೇ ಇದಕ್ಕೆ ಕಾರಣವಲ್ಲ. ಸಾಮಾನ್ಯ ನೆಗಡಿಯ ವೈರಾಣುಗಳು, ದೀರ್ಘಕಾಲದ ಸೈನಸ್ ತೊಂದರೆ, ಮೂಗಿನಲ್ಲಿ ಬೆಳೆಯುವ ಮೃದುವಾದ ಗಡ್ಡೆಗಳು, ಬೈಕಿನಿಂದ ಬಿದ್ದು ತಲೆಗೆ ಆದ ಪೆಟ್ಟು, ಇವೆಲ್ಲವೂ ಘ್ರಾಣಶಕ್ತಿಯನ್ನು ಕಸಿದುಕೊಳ್ಳಬಲ್ಲವು. ವಯಸ್ಸಾದಂತೆ ಅದು ಸಹಜವಾಗಿಯೇ ಕುಂದುತ್ತದೆ. ಪಾರ್ಕಿನ್ಸನ್ ಎಂಬ ನಡುಗುವ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ಮೂಗು ಮಂದವಾಗಿರುವುದುಂಟು. ಹುಟ್ಟಿನಿಂದಲೇ ವಾಸನೆ ತಿಳಿಯದ ಮಕ್ಕಳೂ ಇದ್ದಾರೆ. ಅಂಥವರಿಗೆ ತಮ್ಮಲ್ಲಿ ಕೊರತೆಯಿದೆ ಎಂಬುದೇ ಎಷ್ಟೋ ವರ್ಷಗಳವರೆಗೆ ಗೊತ್ತಾಗುವುದಿಲ್ಲ. ತಂಬಾಕು ಕೂಡ ಮೂಗನ್ನು ಮೊಂಡಾಗಿಸುತ್ತದೆ. ಬೀಡಿಯ ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸುತ್ತಮುತ್ತ ಬದುಕುವ ನಾವು ಈ ಮಾತನ್ನು ಇತರರಿಗಿಂತ ಹೆಚ್ಚು ಲಕ್ಷ್ಯವಿಟ್ಟು ಕೇಳಬೇಕು.

ಮೂಗಿನ ಪಾಲು, ನಾಲಿಗೆಯ ಪಾಲು

‘ವಾಸನೆ ಹೋದರೇನಾಯಿತು, ನಾಲಿಗೆ ಇದೆಯಲ್ಲ’ ಎಂದು ಕೇಳುವವರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಮೂಗನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದು ಯಾಲಕ್ಕಿ ಹಾಕಿದ ಒಂದು ತುಣುಕು ಹೋಳಿಗೆಯನ್ನು ಬಾಯಿಯಲ್ಲಿಟ್ಟು ಅಗಿಯಿರಿ. ಬರಿಯ ಸಿಹಿ ಮತ್ತು ಮೆತ್ತಗಿನ ಸ್ಪರ್ಶ ಮಾತ್ರ ತಿಳಿಯುತ್ತದೆ. ಬಳಿಕ ಬೆರಳು ಸಡಿಲಿಸಿ ಉಸಿರು ಬಿಡಿ. ಯಾಲಕ್ಕಿ, ತುಪ್ಪ, ಬೆಲ್ಲದ ಪರಿಮಳ ಒಮ್ಮೆಲೇ ಬಾಯಿಯನ್ನು ತುಂಬುತ್ತದೆ. ನಾವು ರುಚಿ ಎಂದು ಕರೆಯುವ ಅನುಭವದ ದೊಡ್ಡ ಪಾಲು ಹೀಗೆ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಗಂಧವೇ ಆಗಿದೆ.

ನಾಲಿಗೆಗೆ ತನ್ನದೇ ಆಗಿ ತಿಳಿಯುವವು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ೧೯೦೮ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಗುರುತಿಸಿದ ಉಮಾಮಿ ಎಂಬ ಐದನೆಯ ರುಚಿ ಮಾತ್ರ. ಮೂಗಿನ ಸಂಪತ್ತಾದರೋ ಬಹು ವಿಶಾಲ. ಮನುಷ್ಯನ ಮೂಗಿನಲ್ಲಿ ಗಂಧವನ್ನು ಹಿಡಿಯುವ ಗ್ರಾಹಕಗಳು ಸುಮಾರು ೪೦೦ ಬಗೆಯವು. ಈ ಗ್ರಾಹಕಗಳ ಕುಟುಂಬವನ್ನು ೧೯೯೧ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ ೨೦೦೪ರ ನೊಬೆಲ್ ಪುರಸ್ಕಾರ ಸಂದಿತು. ಜೀರಿಗೆಗೂ ಕೊತ್ತಂಬರಿಗೂ, ಹುಣಸೆಗೂ ಮಾವಿಗೂ ಇರುವ ಭೇದದ ಬಹುಪಾಲನ್ನು ತಿಳಿಸುವುದು ಆ ಗ್ರಾಹಕಗಳು. ಅವು ಸುಮ್ಮನಾದಾಗ ಒಗ್ಗರಣೆಯ ಇಡೀ ಕಲೆಯೇ ಉಣ್ಣುವವರನ್ನು ಮುಟ್ಟದೆ ಹೋಗುತ್ತದೆ.

ಹಾಗಾದರೆ ಉಳಿದದ್ದೇನು? ಉಳಿದದ್ದು ಕಡಿಮೆಯಲ್ಲ. ನಾಲಿಗೆಯ ಐದು ರುಚಿಗಳು ಉಳಿದಿವೆ. ಮೆಣಸಿನಕಾಯಿಯ ಉರಿ, ಸಾಸಿವೆಯ ಘಾಟು, ಪುದೀನದ ತಂಪು, ಹಸಿಶುಂಠಿಯ ಚುರುಕು, ಇವು ರುಚಿಯೂ ಅಲ್ಲ, ಗಂಧವೂ ಅಲ್ಲ. ಮುಖದ ಬೇರೊಂದು ನರವು ಅವನ್ನು ಬಿಸಿ, ತಂಪು, ನೋವುಗಳಂತೆಯೇ ಮಿದುಳಿಗೆ ಮುಟ್ಟಿಸುತ್ತದೆ. ಖಾರವು ಬಿಸಿಯಂತೆ ಏಕೆ ಸುಡುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಡೇವಿಡ್ ಜೂಲಿಯಸ್ ಮತ್ತು ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಾಪೌಟಿಯನ್ ಅವರಿಗೆ ೨೦೨೧ರ ನೊಬೆಲ್ ದೊರೆಯಿತು. ಇವುಗಳ ಜೊತೆಗೆ ಹಲ್ಲು, ತುಟಿ, ಅಂಗುಳುಗಳಿಗೆ ತಾಗುವ ಗಟ್ಟಿ, ಮೆತ್ತ, ನುಣುಪು, ತರಿ ಇವೆ. ರೊಟ್ಟಿ ಮುರಿಯುವಾಗಿನ ಸದ್ದು ಕಿವಿಗೆ ಇದೆ. ಎಲೆಯ ಮೇಲಿನ ಬಣ್ಣ ಕಣ್ಣಿಗೆ ಇದೆ. ಗಂಧ ಕಳೆದುಕೊಂಡವರ ಊಟವನ್ನು ಕಟ್ಟಬೇಕಾದದ್ದು ಇವುಗಳ ಮೇಲೆಯೇ.

ಎರಡು ತಪ್ಪು ದಾರಿಗಳು

ಗಂಧ ಹೋದವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು, ಇರುವ ರುಚಿಯನ್ನೇ ಹೆಚ್ಚಿಸುತ್ತಾ ಹೋಗುವುದು. ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು, ಚಹಕ್ಕೆ ಇನ್ನೊಂದು ಚಮಚ ಸಕ್ಕರೆ, ಊಟಕ್ಕೆ ಇನ್ನಷ್ಟು ಉಪ್ಪಿನಕಾಯಿ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರು ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ಹೇಳುತ್ತದೆ. ಅದು ಸುಮಾರು ಒಂದು ಸಣ್ಣ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಕೂಡಿಸಿದರೆ ನಮ್ಮ ಸಾಮಾನ್ಯ ಊಟವೇ ಆ ಗಡಿಯನ್ನು ಸುಲಭವಾಗಿ ದಾಟುತ್ತದೆ. ಅದರ ಮೇಲೆ ರುಚಿಗಾಗಿ ಸುರಿದ ಉಪ್ಪು ರಕ್ತದೊತ್ತಡಕ್ಕೆ ದಾರಿ ಮಾಡಿಕೊಡುತ್ತದೆ. ಕಬ್ಬಿನ ನಾಡಿನ ನಮಗೆ ಬೆಲ್ಲ, ಸಕ್ಕರೆ ಕೈಗೆಟಕುವ ದೂರದಲ್ಲಿಯೇ ಇರುವುದರಿಂದ ಮಧುಮೇಹದ ಭಯವೂ ಅಷ್ಟೇ ಸಮೀಪದ್ದು.

ಎರಡನೆಯದು, ಊಟವನ್ನೇ ಕಡಿಮೆ ಮಾಡುವುದು. ರುಚಿಯಿಲ್ಲದ ಮೇಲೆ ಉಂಡರೆಷ್ಟು, ಬಿಟ್ಟರೆಷ್ಟು ಎಂಬ ಉದಾಸೀನವು ಮೊದಲು ಮಧ್ಯಾಹ್ನದ ಊಟವನ್ನು ನುಂಗುತ್ತದೆ. ಬೆಳಗಿನ ಉಪಾಹಾರದಲ್ಲಿ ಮನೆಯವರ ಒತ್ತಾಯವಿರುತ್ತದೆ. ರಾತ್ರಿಯ ಊಟದಲ್ಲಿ ಎಲ್ಲರ ಜೊತೆ ಇರುತ್ತದೆ. ಮಧ್ಯಾಹ್ನ ಮಾತ್ರ ರೈತನು ಹೊಲದ ಬದುವಿನಲ್ಲಿ, ಶಿಕ್ಷಕಿಯು ಶಾಲೆಯ ಕೊಠಡಿಯಲ್ಲಿ, ಅಜ್ಜಿಯು ಖಾಲಿ ಮನೆಯಲ್ಲಿ ಒಬ್ಬರೇ ಉಣ್ಣುತ್ತಾರೆ. ಡಬ್ಬಿಯಲ್ಲಿ ಆರಿ ಮುದ್ದೆಯಾದ ಅನ್ನವಿದ್ದರೆ ಎರಡು ತುತ್ತಿಗೆ ಮುಚ್ಚಳ ಹಾಕುತ್ತಾರೆ. ಸಂಜೆ ಬಿಸ್ಕತ್ತು ಮತ್ತು ಸಿಹಿ ಚಹಾ ಆ ಜಾಗವನ್ನು ತುಂಬುತ್ತವೆ. ಮುಪ್ಪಿನಲ್ಲಿ ಇದೇ ಕ್ರಮ ಮುಂದುವರಿದರೆ ತೂಕ ಇಳಿಯುತ್ತದೆ, ತೋಳು ತೊಡೆಗಳ ಬಲ ಸೋರುತ್ತದೆ. ಆದುದರಿಂದ ಸುಧಾರಣೆ ಮಧ್ಯಾಹ್ನದ ಊಟದಿಂದ ಆರಂಭವಾಗಬೇಕು. ಅದು ಹತ್ತು ಹದಿನೈದು ನಿಮಿಷಗಳಲ್ಲಿ ಸಿದ್ಧವಾಗುವಂತೆಯೂ ಇರಬೇಕು. ಹಸಿವಿನ ಕರೆ ಕ್ಷೀಣವಾದವರು ಒಂದು ಗಂಟೆ ಒಲೆಯ ಮುಂದೆ ನಿಲ್ಲಲಾರರು.

ಆರು ಬಾಗಿಲುಗಳಲ್ಲಿ ಒಂದು

ನಮ್ಮ ಷಟ್‌ಸ್ಥಲ ಚಿಂತನೆಯಲ್ಲಿ ಆರು ಮುಖಗಳಿಂದ ಆರು ಪದಾರ್ಥಗಳು ಆರು ಲಿಂಗಗಳಿಗೆ ಅರ್ಪಿತವಾಗುತ್ತವೆ. ಘ್ರಾಣದಿಂದ ಗಂಧವು ಆಚಾರಲಿಂಗಕ್ಕೆ, ಜಿಹ್ವೆಯಿಂದ ರಸವು ಗುರುಲಿಂಗಕ್ಕೆ, ನೇತ್ರದಿಂದ ರೂಪವು ಶಿವಲಿಂಗಕ್ಕೆ, ತ್ವಕ್ಕಿನಿಂದ ಸ್ಪರ್ಶವು ಜಂಗಮಲಿಂಗಕ್ಕೆ, ಶ್ರೋತ್ರದಿಂದ ಶಬ್ದವು ಪ್ರಸಾದಲಿಂಗಕ್ಕೆ, ಹೃದಯದಿಂದ ತೃಪ್ತಿಯು ಮಹಾಲಿಂಗಕ್ಕೆ. ಈ ಕ್ರಮವನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಊಟದ ಎಲೆಯ ಮುಂದೆ ಅದನ್ನು ನೆನೆಯುವುದು ಕಡಿಮೆ. ಉಣ್ಣುವುದು ನಾಲಿಗೆಯೊಂದರ ಕೆಲಸವಲ್ಲ, ಮೂಗೊಂದರ ಕೆಲಸವೂ ಅಲ್ಲ ಎಂಬ ತಿಳಿವು ಇದರಲ್ಲಿ ಅಡಗಿದೆ. ಒಂದು ಬಾಗಿಲು ಮುಚ್ಚಿದರೆ ಪ್ರಸಾದವು ಅಪೂರ್ಣವಾಗುವುದಿಲ್ಲ. ತೆರೆದಿರುವ ಉಳಿದ ಬಾಗಿಲುಗಳನ್ನು ಎಚ್ಚರದಿಂದ ಬಳಸಬೇಕಾಗುತ್ತದೆ, ಅಷ್ಟೆ. ಪ್ರಸಾದವನ್ನು ಸಾವಧಾನದಿಂದ ಸ್ವೀಕರಿಸಬೇಕೆಂಬ ಶರಣರ ಶಿಸ್ತು, ಗಂಧ ತಿಳಿಯದವರು ನಿಧಾನವಾಗಿ ಅಗಿದು ಸ್ಪರ್ಶವನ್ನು ಗಮನಿಸುತ್ತಾ ಉಣ್ಣಬೇಕೆಂಬ ಸಲಹೆಗೆ ಸರಿಹೊಂದುತ್ತದೆ.

ಬುತ್ತಿ ಕಟ್ಟುವ ನಾಲ್ಕು ಸೂತ್ರಗಳು

ಮೊದಲನೆಯದಾಗಿ, ಪ್ರತಿ ತುತ್ತಿನಲ್ಲಿಯೂ ಎರಡು ವಿರುದ್ಧ ಸ್ಪರ್ಶಗಳಿರಲಿ. ಗರಿಗರಿಯ ಜೊತೆ ನುಣುಪು, ಗಟ್ಟಿಯ ಜೊತೆ ರಸ. ಒಂದೇ ಬಗೆಯ ಸ್ಪರ್ಶವು ಮೂರು ತುತ್ತಿನಲ್ಲಿ ಬೇಸರ ತರುತ್ತದೆ. ಎರಡನೆಯದಾಗಿ, ಒಣ ಪದಾರ್ಥ ಮತ್ತು ಹಸಿ ಪದಾರ್ಥಗಳು ಉಣ್ಣುವ ಗಳಿಗೆಯವರೆಗೆ ಬೇರೆಯಾಗಿರಲಿ. ಬೆಳಿಗ್ಗೆಯೇ ಮೊಸರಿಗೆ ಬಿದ್ದ ಶೇಂಗಾ ಮಧ್ಯಾಹ್ನಕ್ಕೆ ಮೆತ್ತಗಾಗುತ್ತದೆ. ಬೇರೆ ಡಬ್ಬಿಯಲ್ಲಿದ್ದರೆ ತನ್ನ ಸದ್ದನ್ನು ಉಳಿಸಿಕೊಳ್ಳುತ್ತದೆ. ಮೂರನೆಯದಾಗಿ, ಉಪ್ಪಿನ ಬದಲು ಹುಳಿಯನ್ನು ಹೆಚ್ಚಿಸಿ. ನಿಂಬೆರಸ, ಹುಣಸೆ, ಪುಂಡಿಪಲ್ಯ, ಹುಳಿ ಮಜ್ಜಿಗೆ ನಾಲಿಗೆಯನ್ನು ಎಚ್ಚರಿಸುತ್ತವೆ, ಬಾಯಲ್ಲಿ ನೀರೂರಿಸುತ್ತವೆ. ನಾಲ್ಕನೆಯದಾಗಿ, ಬಿಸಿಯ ಪಕ್ಕದಲ್ಲಿ ತಂಪಿರಲಿ, ಬಿಳಿಯ ಪಕ್ಕದಲ್ಲಿ ಹಸಿರು ಮತ್ತು ಕೆಂಪು ಇರಲಿ. ಮೂಗು ಹೇಳದ ಸುದ್ದಿಯನ್ನು ಚರ್ಮವೂ ಕಣ್ಣೂ ಹೇಳುತ್ತವೆ.

ಈ ನಾಲ್ಕೂ ಸೂತ್ರಗಳು ನಮ್ಮ ಹಳೆಯ ಊಟದಲ್ಲಿ ಆಗಲೇ ಇದ್ದವು. ಸಂಕ್ರಾಂತಿಯ ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೊಡನೆ ಕಾಯಿ, ಕಾಳುಗಳು ಬೆರೆತ ಪಲ್ಯ, ಬೆಣ್ಣೆ, ಹಸಿ ಗಜ್ಜರಿಗಳನ್ನು ಉಣ್ಣುವ ನಮಗೆ ಗರಿ, ತರಿ, ನುಣುಪುಗಳ ಕೂಟವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಜೋಳ, ಸಜ್ಜೆಗಳು ನಮ್ಮ ಮನೆಯಲ್ಲಿ ಅದಕ್ಕೂ ಮೊದಲಿನಿಂದಲೇ ಇದ್ದವು. ಈಗ ಅವನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ.

ಐದು ಊಟಗಳು

ಕೆಳಗಿನ ಅಳತೆಗಳು ಒಬ್ಬರಿಗೆ ಸಾಕು. ಸ್ವಲ್ಪ ಸಿದ್ಧತೆಯನ್ನು ಹಿಂದಿನ ರಾತ್ರಿ ಅಥವಾ ಮುಂಜಾನೆ ಮಾಡಿಟ್ಟರೆ ಉಳಿದದ್ದು ಹದಿನೈದು ನಿಮಿಷಗಳ ಕೆಲಸ.

ಖಡಕ್ ರೊಟ್ಟಿಯ ಮುರುಕು: ಎರಡು ಖಡಕ್ ಜೋಳದ ರೊಟ್ಟಿಗಳನ್ನು ನಾಣ್ಯದಷ್ಟು ಚೂರುಗಳಾಗಿ ಮುರಿಯಬೇಕು. ಅರ್ಧ ಸವತೆಕಾಯಿ, ಒಂದು ಸಣ್ಣ ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತ್ಯೆ ಅಥವಾ ಹಕ್ಕರಕಿ ಸೊಪ್ಪನ್ನು ಹೆಚ್ಚಿಕೊಳ್ಳಬೇಕು. ಒಂದು ಬಟ್ಟಲು ಗಟ್ಟಿ ಮೊಸರಿಗೆ ಈ ಹೆಚ್ಚಿದ್ದನ್ನು ಸೇರಿಸಿ, ಮೇಲೆ ಎರಡು ಚಮಚ ತರಿತರಿಯಾದ ಶೇಂಗಾ ಹಿಂಡಿಯನ್ನು ಉದುರಿಸಬೇಕು. ರೊಟ್ಟಿಯ ಚೂರುಗಳನ್ನು ಕೊನೆಗೆ, ನಾಲ್ಕೈದು ತುತ್ತಿಗೆ ಆಗುವಷ್ಟನ್ನೇ ಒಂದೊಂದು ಸಲ ಹಾಕಿಕೊಂಡು ಉಣ್ಣಬೇಕು. ಒಮ್ಮೆಲೇ ಹಾಕಿದರೆ ಅವು ನೆನೆದು ಊಟದ ಗುಣವೇ ಹೋಗುತ್ತದೆ.

ಮೊಳಕೆ ಮಡಿಕೆ ಉಸಳಿ: ಮಡಿಕೆ ಕಾಳನ್ನು ಒಂದು ಹಗಲು ನೆನೆಸಿ, ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ. ಒಂದು ಬಟ್ಟಲು ಮೊಳಕೆಯನ್ನು ಹಬೆಯಲ್ಲಿ ಎಂಟು ಹತ್ತು ನಿಮಿಷ, ಕಚ್ಚಿದರೆ ಹಲ್ಲಿಗೆ ಸ್ವಲ್ಪ ಎದುರಾಗುವ ಹದಕ್ಕೆ ಬೇಯಿಸಬೇಕು. ಸಾಸಿವೆ, ಹಸಿಮೆಣಸಿನಕಾಯಿ, ಶುಂಠಿಯ ಒಗ್ಗರಣೆ ಕೊಟ್ಟು, ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಯ ರಸ, ಹಸಿ ಉಳ್ಳಾಗಡ್ಡಿ, ತುರಿದ ಗಜ್ಜರಿ, ಹುರಿದ ಶೇಂಗಾ ಬೆರೆಸಬೇಕು. ಮೊಳಕೆ ಕಾಳನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಬೇಕು. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆಗೆ ರೋಗಾಣುಗಳೂ ಬೆಳೆಯಬಲ್ಲವು. ಕೆಟ್ಟ ವಾಸನೆಯಿಂದ ಅದನ್ನು ಗುರುತಿಸುವ ಶಕ್ತಿ ಇವರಿಗಿಲ್ಲ.

ಮೊಸರವಲಕ್ಕಿ: ಒಂದು ಬಟ್ಟಲು ದಪ್ಪ ಅವಲಕ್ಕಿಯನ್ನು ತೊಳೆದು ಐದು ನಿಮಿಷ ಬಿಟ್ಟು, ತಂಪಾದ ಮೊಸರಿನಲ್ಲಿ ಕಲಸಬೇಕು. ಹೆಚ್ಚಿದ ಸವತೆಕಾಯಿ, ದ್ರಾಕ್ಷಿ ಅಥವಾ ದಾಳಿಂಬೆ ಕಾಳು ಸೇರಿಸಬೇಕು. ಪುಠಾಣಿ, ಹುರಿದ ಶೇಂಗಾ, ಒಂದು ಚಮಚ ಹುರಿದ ಎಳ್ಳನ್ನು ಬೇರೆ ಪೊಟ್ಟಣದಲ್ಲಿಟ್ಟುಕೊಂಡು ಉಣ್ಣುವಾಗ ಉದುರಿಸಬೇಕು. ದಾಳಿಂಬೆಯ ಕಾಳು ಹಲ್ಲಿನ ನಡುವೆ ಒಡೆದು ಹುಳಿ ಸಿಹಿಯಾದ ರಸ ಚಿಮ್ಮುವ ಆ ಕ್ಷಣ ಮೂಗಿನ ಸಹಾಯವಿಲ್ಲದೆಯೇ ಸಂತೋಷ ಕೊಡುತ್ತದೆ.

ಝುಣಕದ ವಡಿ: ಒಂದು ಬಟ್ಟಲು ಕಡಲೆಹಿಟ್ಟನ್ನು ಒಂದೂವರೆಯಿಂದ ಎರಡು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಳ್ಳಬೇಕು. ಸಾಸಿವೆ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಅದನ್ನು ಸುರಿದು, ಬಾಣಲೆಯನ್ನು ಬಿಡುವವರೆಗೆ ಸಣ್ಣ ಉರಿಯಲ್ಲಿ ತಿರುವಬೇಕು. ಎಣ್ಣೆ ಸವರಿದ ತಟ್ಟೆಯಲ್ಲಿ ತಟ್ಟಿ, ಮೇಲೆ ಎಳ್ಳು ಮತ್ತು ಒಣಕೊಬ್ಬರಿ ಉದುರಿಸಿ, ಆರಿದ ಮೇಲೆ ಚೌಕಾಕಾರವಾಗಿ ಕೊಯ್ಯಬೇಕು. ಹೊರಗೆ ಎಳ್ಳಿನ ತರಿ, ಒಳಗೆ ನುಣುಪು. ಇದು ಎರಡು ಹೊತ್ತಿಗಾದೀತು. ಬಿಸಿ ರೊಟ್ಟಿ, ಹಸಿ ಮೂಲಂಗಿಯೊಡನೆ ಇದೇ ಪೂರ್ಣ ಊಟ.

ತಂಪು ನುಚ್ಚು: ಜೋಳದ ನುಚ್ಚನ್ನು ಮುಂಜಾನೆ ಬೇಯಿಸಿ ಆರಲು ಬಿಡಬೇಕು. ಮಧ್ಯಾಹ್ನ ಹುಳಿ ಮಜ್ಜಿಗೆ ಹಾಕಿ ಕಲಸಿ, ಮೇಲೆ ಅಗಸಿ ಹಿಂಡಿ ಅಥವಾ ಗುರೆಳ್ಳ ಹಿಂಡಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಇಟ್ಟುಕೊಳ್ಳಬೇಕು. ನುಚ್ಚಿನ ಕಾಳು ಒಂದೊಂದಾಗಿ ನಾಲಿಗೆಗೆ ತಿಳಿಯುವಂತೆ ಬೇಯಿಸುವುದೇ ಇದರ ಹದ. ಮಾಗಿ ಮುಗಿದು ಬಿಸಿಲು ಏರುವ ತಿಂಗಳುಗಳಿಗೆ ಇದು ಒಳ್ಳೆಯದು.

ಇವುಗಳಲ್ಲಿ ಬಹುತೇಕ ಕಾಳು, ಶೇಂಗಾ, ಮೊಸರು, ಕಡಲೆಗಳಿರುವುದನ್ನು ಗಮನಿಸಬೇಕು. ಶೇಂಗಾದಲ್ಲಿ ನೂರು ಗ್ರಾಂಗೆ ಸುಮಾರು ೨೫ ಗ್ರಾಂ ಪ್ರೋಟೀನ್ ಇದೆ. ಸಸ್ಯಾಹಾರಿಗಳಾದ ನಮ್ಮ ಹಿರಿಯರಲ್ಲಿ ಊಟ ಕಡಿಮೆಯಾದಾಗ ಮೊದಲು ಕೊರತೆಯಾಗುವುದು ಪ್ರೋಟೀನ್. ಆದ್ದರಿಂದ ಗರಿಗರಿಗಾಗಿ ಕರಿದ ಹಪ್ಪಳ, ಚಿಪ್ಸಿನ ಪೊಟ್ಟಣಗಳಿಗೆ ಕೈ ಹಾಕುವುದು ಜಾಣತನವಲ್ಲ. ಅವು ಸದ್ದು ಮಾಡುತ್ತವೆ, ಬಲ ಕೊಡುವುದಿಲ್ಲ, ಉಪ್ಪನ್ನಂತೂ ಬೇಕಾದಷ್ಟು ತುಂಬುತ್ತವೆ.

ಎಲ್ಲರಿಗೂ ಒಂದೇ ಅಳತೆಯಲ್ಲ

ಹಲ್ಲಿಲ್ಲದ ಹಿರಿಯರಿಗೆ ಖಡಕ್ ರೊಟ್ಟಿ ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರಿಗೆ ಗರಿಗರಿಯ ಬದಲು ತರಿಯನ್ನು ಕೊಡಬೇಕು. ನುಚ್ಚು, ಮೃದುವಾಗಿ ಬೆಂದ ಝುಣಕ, ನುಣ್ಣಗೆ ಕುಟ್ಟಿದ ಹಿಂಡಿ, ತುರಿದ ಸವತೆಕಾಯಿ, ತಂಪು ಮೊಸರು. ನುಂಗಲು ತೊಂದರೆಯಿರುವವರಿಗೆ ಒಣ ಪುಡಿ ಮತ್ತು ಇಡೀ ಶೇಂಗಾ ಅಪಾಯಕರ. ಸಣ್ಣ ಮಕ್ಕಳಿಗೂ ಇಡೀ ಶೇಂಗಾ ಕೊಡಬಾರದು.

ಇನ್ನೊಂದು ಬಗೆಯವರಿದ್ದಾರೆ. ಅವರಿಗೆ ವಾಸನೆ ಪೂರ್ತಿ ಹೋಗಿರುವುದಿಲ್ಲ, ವಿಕಾರಗೊಂಡಿರುತ್ತದೆ. ಕೋವಿಡ್ ಬಂದು ಹೋದ ಮೇಲೆ ಹಲವರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕಾಫಿ, ಹುರಿದ ಪದಾರ್ಥಗಳು ಕೊಳೆತಂತೆ ನಾರತೊಡಗಿದವು. ಇಂಥವರಿಗೆ ಹುರಿದ ಶೇಂಗಾ, ಹಸಿ ಉಳ್ಳಾಗಡ್ಡಿ ಬಡಿಸಿ ‘ತಿನ್ನು, ಅಭ್ಯಾಸವಾಗುತ್ತದೆ’ ಎನ್ನುವುದು ಕ್ರೂರತನ. ಆರಿದ, ತಂಪಾದ ಆಹಾರದಿಂದ ಗಂಧ ಕಡಿಮೆ ಏಳುತ್ತದೆ. ಮೊಸರವಲಕ್ಕಿ, ತಂಪು ನುಚ್ಚು, ಸವತೆಕಾಯಿ, ಹಣ್ಣು, ಉಳ್ಳಾಗಡ್ಡಿಯಿಲ್ಲದ ಕೋಸಂಬರಿ ಅವರಿಗೆ ಸೂಕ್ತ. ಯಾವುದು ಸಹ್ಯ, ಯಾವುದು ಅಸಹ್ಯ ಎಂದು ಅವರನ್ನೇ ಕೇಳಿ ತಿಳಿಯಬೇಕು.

ಮೂಗು ಕಾಯುತ್ತಿದ್ದ ಮನೆ

ಊಟದ ಮಾತಿನ ಜೊತೆಗೆ ಸುರಕ್ಷತೆಯ ಮಾತನ್ನೂ ಹೇಳಲೇಬೇಕು. ಅಡಿಗೆ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ಮರ್ಕಾಪ್ಟಾನ್ ಎಂಬ ವಸ್ತುವನ್ನು ಬೆರೆಸಿರುತ್ತಾರೆ. ಗಂಧ ತಿಳಿಯದವರಿಗೆ ಆ ಎಚ್ಚರಿಕೆ ತಲುಪುವುದೇ ಇಲ್ಲ. ಇಂಥವರಿರುವ ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವುದು ನಿಯಮವಾಗಲಿ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಕಿಟಕಿ ತೆರೆಯಲಿ. ಸಾಧ್ಯವಿದ್ದವರು ಅನಿಲ ಸೋರಿಕೆಯನ್ನು ಸಾರುವ ಯಂತ್ರವನ್ನು ಗೋಡೆಗೆ ಅಳವಡಿಸಿಕೊಳ್ಳಲಿ. ಸೋರಿಕೆಯ ಸಂಶಯ ಬಂದರೆ ದೀಪದ ಗುಂಡಿ ಒತ್ತದೆ ಹೊರಗೆ ಬಂದು, ೧೯೦೬ ಎಂಬ ತುರ್ತು ಸಂಖ್ಯೆಗೆ ಕರೆ ಮಾಡಬೇಕು.

ಹಳಸಿದ ಆಹಾರದ್ದೂ ಇದೇ ಕಥೆ. ಬೇಳೆ, ಪಲ್ಯದ ಡಬ್ಬಿಯ ಮೇಲೆ ಮಾಡಿದ ದಿನವನ್ನು ಬರೆದಿಡುವ ರೂಢಿ ಒಳ್ಳೆಯದು. ಬಣ್ಣ ಬದಲಾದ, ಮುದುಡಿದ, ಬೂಷ್ಟು ಹಿಡಿದ ಶೇಂಗಾವನ್ನು ಆರಿಸಿ ಬಿಸಾಡಬೇಕು, ಅದರ ಶಿಲೀಂಧ್ರದಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷವಿರಬಹುದು. ಬಿಸಿಲಿನ ದಿನಗಳಲ್ಲಿ ಹೊಲಕ್ಕೆ ಒಯ್ಯುವ ಬುತ್ತಿಯನ್ನು ನೆರಳಿನಲ್ಲಿ, ಒದ್ದೆ ಬಟ್ಟೆ ಸುತ್ತಿ ಇಡಬೇಕು. ‘ಇದು ಕೆಟ್ಟಿದೆಯೇ ನೋಡು’ ಎಂದು ಮನೆಯ ಮಕ್ಕಳಿಗೋ ನೆರೆಯವರಿಗೋ ಮೂಸಲು ಕೊಡುವುದರಲ್ಲಿ ಯಾವ ಸಂಕೋಚವೂ ಬೇಡ.

ವೈದ್ಯರ ಬಾಗಿಲು ಮತ್ತು ಮೂಗಿನ ಅಭ್ಯಾಸ

ಊಟದ ಹೊಂದಾಣಿಕೆ ಚಿಕಿತ್ಸೆಗೆ ಬದಲಿಯಲ್ಲ. ವಾಸನೆ ಹೋಗಿ ಕೆಲವು ವಾರಗಳಾದರೂ ಮರಳದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಲೇಬೇಕು. ಮೂಗಿನ ಗಡ್ಡೆ, ಸೈನಸ್ ತೊಂದರೆಗಳಿಗೆ ಚಿಕಿತ್ಸೆಯಿದೆ. ಪ್ರೌಢವಯಸ್ಸಿಗೆ ಬಂದ ಮಕ್ಕಳಲ್ಲಿ ವಾಸನೆಯೂ ಇಲ್ಲ, ವಯಸ್ಸಿಗೆ ತಕ್ಕ ದೈಹಿಕ ಬದಲಾವಣೆಯೂ ಇಲ್ಲವಾದರೆ ವೈದ್ಯರಿಗೆ ಎರಡನ್ನೂ ಒಟ್ಟಿಗೆ ಹೇಳಬೇಕು. ಅವು ಒಂದೇ ಕಾರಣದಿಂದ ಹುಟ್ಟಿರಬಹುದು.

ವೈರಾಣುವಿನಿಂದ ಗಂಧ ಕಳೆದುಕೊಂಡವರಿಗೆ ಮೂಗಿನ ಅಭ್ಯಾಸ ಎಂಬ ಸರಳ ಕ್ರಮವೊಂದಿದೆ. ೨೦೦೯ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ಗಂಧಗಳನ್ನು ದಿನಕ್ಕೆ ಎರಡು ಸಲ, ೧೨ ವಾರಗಳ ಕಾಲ, ಗಮನವಿಟ್ಟು ಮೂಸುವುದೇ ಆ ಅಭ್ಯಾಸ. ಘ್ರಾಣದ ನರಕೋಶಗಳು ಜೀವಮಾನವಿಡೀ ಮರುಹುಟ್ಟು ಪಡೆಯಬಲ್ಲವು ಎಂಬುದೇ ಇದಕ್ಕೆ ಆಧಾರ. ಎಲ್ಲರಿಗೂ ಫಲ ಸಿಗುತ್ತದೆಂಬ ಭರವಸೆಯಿಲ್ಲ. ಆದರೆ ಖರ್ಚು ಅಲ್ಪ, ಅಪಾಯವೂ ಅಲ್ಪ. ಬೀಡಿ, ಸಿಗರೇಟು, ನಶ್ಯಗಳನ್ನು ಬಿಡುವುದು ಅದಕ್ಕೂ ಮುಂಚಿನ ಹೆಜ್ಜೆ.

ದಾಸೋಹದ ಸಾಲಿನಲ್ಲಿ

ಕೊನೆಯದಾಗಿ ನಮ್ಮ ಮನೆಗಳಿಗೂ ಮಠಗಳ ದಾಸೋಹಕ್ಕೂ ಒಂದು ವಿನಂತಿ. ಬಡಿಸುವವರು ‘ರುಚಿಯಾಗಿದೆಯೇ’ ಎಂದು ಕೇಳುವುದು ನಮ್ಮ ಸೌಜನ್ಯ. ಗಂಧ ತಿಳಿಯದವರಿಗೆ ಆ ಪ್ರಶ್ನೆ ಪ್ರತಿದಿನದ ಸಣ್ಣ ಮುಜುಗರ. ಇಲ್ಲವೆಂದರೆ ಅಡಿಗೆಯವರಿಗೆ ನೋವು, ಹೌದೆಂದರೆ ಸುಳ್ಳು. ಅದರ ಬದಲು ‘ಅಗಿಯಲು ಏನು ಬಡಿಸಲಿ’ ಎಂದು ಕೇಳಿ ನೋಡಿ. ಉತ್ತರ ಸುಲಭವಾಗಿ ಬರುತ್ತದೆ. ದಾಸೋಹದ ಸಾಲಿನ ಕೊನೆಯಲ್ಲಿ ಒಂದು ಬಟ್ಟಲು ಹಸಿ ಪಚಡಿ, ಒಂದು ಬಟ್ಟಲು ತರಿ ಹಿಂಡಿ, ಒಂದು ಬುಟ್ಟಿ ಖಡಕ್ ರೊಟ್ಟಿ, ನಿಂಬೆಯ ಹೋಳುಗಳನ್ನು ಇಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ. ಬೇಡವಾದವರಿಗೆ ನಷ್ಟವಿಲ್ಲ.

ಗಂಧ ತಿಳಿಯದವರಿಗಾಗಿ ಬೇರೆ ಅಡಿಗೆ ಮಾಡಿ, ಅವರನ್ನು ಬೇರೆ ಕೂರಿಸುವುದು ಪರಿಹಾರವಲ್ಲ. ಅವರಿಗೆ ಹಿತವಾದ ರೊಟ್ಟಿ, ಕಾಳು, ಪಚಡಿ, ಮೊಸರಿನ ಊಟವು ಮನೆಯ ಎಲ್ಲರ ಆರೋಗ್ಯಕ್ಕೂ ಹಿತವಾದದ್ದು. ಒಬ್ಬರ ಕೊರತೆಗಾಗಿ ಮಾಡಿದ ಬದಲಾವಣೆಯಿಂದ ಇಡೀ ಪಂಕ್ತಿಗೆ ಒಳಿತಾದರೆ ಅದೇ ಸಹಪಂಕ್ತಿಯ ಅರ್ಥ. ಸದ್ಭಕ್ತರು ತಮ್ಮ ಮನೆಯಲ್ಲಿ, ನೆರೆಯಲ್ಲಿ ಎಲೆಯ ಮುಂದೆ ಸುಮ್ಮನೆ ಕುಳಿತವರು ಯಾರಾದರೂ ಇದ್ದಾರೆಯೇ ಎಂದು ಈ ತಿಂಗಳು ಒಮ್ಮೆ ಗಮನಿಸಲಿ. ಅವರ ಮುಂದೆ ಉಪ್ಪಿನ ಬಟ್ಟಲನ್ನು ಸರಿಸುವ ಮೊದಲು ಅವರ ಮೂಗಿನ ಬಗ್ಗೆ ಒಂದು ಮಾತು ಕೇಳಲಿ.